ಅಪ್ಪನ ಸಹಿ ಬೇಕಾದ ಐನೂರು ಪದ

ಮೊದಲೇ ಹೇಳಿಬಿಡುತ್ತೇನೆ, ನೀವು ಇದನ್ನು ನಂಬುವುದಿಲ್ಲ. ಹುಟ್ಟಿದಾಗಿನಿಂದ ಬಾಯಿ ಮುಚ್ಚದ ನನಗೆ ಮಾತಾಡುವುದು ಹೇಗೆಂದು ಕಲಿಸಲು ನಮ್ಮ ಡಿಗ್ರಿ ಕಾಲೇಜಿನವರು ಒಂದು ಪೇಪರ್ ಇಟ್ಟಿದ್ದಾರೆ. ಹೆಸರು ‘ಬರವಣಿಗೆ ಮತ್ತು ಸಂವಹನ ಕೌಶಲ’. ಬಿ.ಎ. ಇರಲಿ, ಬಿ.ಕಾಂ. ಇರಲಿ, ಎಲ್ಲರಿಗೂ ಕಡ್ಡಾಯ. ಐದು ನಿಮಿಷ ಮಾತಾಡಬೇಕು, ಐನೂರು ಪದ ಬರೆಯಬೇಕು. ಪಾಸಾಗದಿದ್ದರೆ ಮುಂದಿನ ವರ್ಷ ಜೂನಿಯರ್‌ಗಳ ಪಕ್ಕ ಕೂತು ಮತ್ತೆ ಮಾತು ಕಲಿಯಬೇಕು. ಬನಹಟ್ಟಿಯಲ್ಲಿ ನನ್ನ ಬಾಯಿಗೆ ಹೆದರದವರಿಲ್ಲ. ಅಂಥವನು ಮಾತಿನಲ್ಲೇ ಫೇಲಾದರೆ ಮುಖ ಎಲ್ಲಿಡಲಿ?

ನಮ್ಮ ಮನೆಯ ಕಥೆಯೂ ನಿಮಗೆ ತಿಳಿದಿರಲಿ. ಪಡಸಾಲೆ ದಾಟಿದರೆ ನಾಲ್ಕು ಪವರ್‌ಲೂಮ್, ಬೆಳಗಿನಿಂದ ಖಟಾಖಟ್. ಹಾಗಾಗಿ ನಮ್ಮಲ್ಲಿ ಮಾತಿಗೆ ಎರಡೇ ದಾರಿ: ಕಿರುಚು, ಇಲ್ಲವೇ ಕೈಸನ್ನೆ ಮಾಡು. ಬೆರಳು ತಿರುಗಿಸಿದರೆ ‘ನೂಲು ಮುಗಿದಿದೆ, ತಾ’. ಐದೂ ಬೆರಳು ಕೂಡಿಸಿ ಬಾಯಿಗೆ ಒಯ್ದರೆ ‘ಊಟಕ್ಕೆ ಏಳು’. ಅಂಗೈ ಎತ್ತಿ ತೋರಿಸಿದರೆ ‘ಮಗ್ಗ ನಿಲ್ಲಿಸು’.

ಮಾತಿನ ಪರೀಕ್ಷೆಯ ದಿನ ನಾನು ‘ಮಾನ್ಯರೇ’ ಎಂದೆ, ಅಷ್ಟೇ. ಪಕ್ಕದ ಕ್ಲಾಸಿನ ಸರ್ ಜಗಳ ಬಿಡಿಸಲು ಓಡಿ ಬಂದರು. ನಮ್ಮ ಮೇಡಂ ಕಿವಿಯಿಂದ ಕೈ ತೆಗೆದು, “ಇದು ಕ್ಲಾಸ್ ಐತೋ, ಕಾರ್ಖಾನಿನೋ? ಸಾವಕಾಶ ಮಾತಾಡಪಾ” ಎಂದರು. ದನಿ ಇಳಿಸಿದೆ. ದನಿ ಇಳಿದ ಕೂಡಲೇ ಕೈಗಳು ತಾವಾಗಿ ಎದ್ದವು. ‘ನೇಕಾರರ ಹೊಟ್ಟೆಪಾಡು’ ಎನ್ನುತ್ತ ಬೆರಳು ಕೂಡಿಸಿ ಬಾಯಿಗೆ ಒಯ್ದೆ ನೋಡಿ, ಹಿಂದಿನ ಬೆಂಚಿನ ನೇಕಾರರ ಮಕ್ಕಳು ಏಳು ಮಂದಿ ಡಬ್ಬಿ ಹಿಡಿದು ಬಾಗಿಲಿಗೆ ನಡೆದರು! ಹಿಪ್ಪರಗಿ ಕಡೆಯ ಕಬ್ಬು ಬೆಳೆಗಾರರ ಹುಡುಗರು ಏನೂ ತಿಳಿಯದೆ ಕಣ್ಣು ಕಣ್ಣು ಬಿಟ್ಟರು.

“ಮಾತಿಗೆ ಮಾರ್ಕ್ಸ್ ಕೇಳಬ್ಯಾಡ. ಬರದರ ತೋರಸು, ಉಳಕೋತಿ” ಎಂದರು ಮೇಡಂ.

ಮನೆಯವರಲ್ಲಿ ಒಬ್ಬರನ್ನು ಕೇಳಿ, ಅವರ ಕೆಲಸದ ಬಗ್ಗೆ ಬರೆಯಬೇಕಂತೆ. ಕೇಳುವುದೇಕೆ, ನನಗೆ ತಲೆ ಇಲ್ಲವೇ? ಯಾವ ಮಗ್ಗದ ಎಷ್ಟನೇ ಎಳೆ ಹರಿಯಿತೆಂದು ನಮ್ಮ ತಂದೆ ನಿದ್ದೆಯಲ್ಲೇ ಹೇಳುತ್ತಾರೆ ಎಂದು ಬರೆದು ಕೊಟ್ಟೆ. ಕೆಂಪು ಶಾಯಿಯೊಂದಿಗೆ ವಾಪಸ್ ಬಂತು: ‘ಇದು ನಿಜವೇ? ಕೇಳಿ ಬರೆ. ಕೆಳಗೆ ತಂದೆಯ ಸಹಿ ಬೇಕು. ಸೋಮವಾರ ಕೊನೆಯ ದಿನ.’

ಮಗ್ಗಗಳ ನಡುವೆ ನಿಂತು ಕಿರುಚಿದೆ: “ಯಪ್ಪಾ, ನಿನ್ನ ಕೆಲಸದ ಬಗ್ಗೆ ಹೇಳು!” ಅಪ್ಪ ಬೆರಳು ತಿರುಗಿಸಿದ. ನೂಲು ತಂದುಕೊಟ್ಟೆ. ಮತ್ತೆ ಕೇಳಿದೆ, ಮತ್ತೆ ಬೆರಳು. ಸಂದರ್ಶನ ಮುಗಿಯುವಷ್ಟರಲ್ಲಿ ನೂಲಿನ ಬುಟ್ಟಿ ಖಾಲಿ, ನನ್ನ ನೋಟ್‌ಬುಕ್ಕೂ ಖಾಲಿ.

ಅವ್ವ ನಕ್ಕಳು. “ಮಗ್ಗ ನಡದಾಗ ನಿಮ್ಮಪ್ಪ ಯಾರ ಮಾತ ಕೇಳ್ಯಾರ? ಮದವಿ ಆಗಿ ಇಪ್ಪತ್ತ ವರ್ಷ ಆತು, ನಾನ ಕರೆಂಟ್ ಹೋದಾಗ ಮಾತಾಡತೀನಿ.”

ಕರೆಂಟ್ ಹೋಗಲಿ ಎಂದು ದೇವರಿಗೆ ಹರಕೆ ಹೊತ್ತ ಮೊದಲ ನೇಕಾರನ ಮಗ ನಾನೇ ಇರಬೇಕು. ದಿನಕ್ಕೆ ನಾಲ್ಕು ಸಲ ಹೋಗುವ ಕರೆಂಟು ಆ ವಾರ ಕಣ್ಣು ಕೂಡ ಮಿಟುಕಿಸಲಿಲ್ಲ. ಭಾನುವಾರ ಮಧ್ಯಾಹ್ನ ಸಿಟ್ಟಿಗೆದ್ದು ಮತ್ತೆ ತಲೆಯಿಂದಲೇ ಬರೆದೆ. ಕರೆಂಟ್ ಇಲ್ಲದಾಗ ನಮ್ಮ ತಂದೆ ಒಂದೇ ಕೈಯಲ್ಲಿ ನಾಲ್ಕೂ ಮಗ್ಗ ತಿರುಗಿಸುತ್ತಾರೆ. ಅವರು ನೇಯ್ದ ಸೀರೆ ಉಟ್ಟು ಕೃಷ್ಣೆಗೆ ಇಳಿದವರು ಒದ್ದೆಯಾಗದೆ ಮೇಲೆ ಬರುತ್ತಾರೆ. ಐನೂರನೇ ಪದಕ್ಕೆ ಚುಕ್ಕೆ ಇಟ್ಟೆನೋ ಇಲ್ಲವೋ, ಮಗ್ಗಗಳು ಗಕ್ಕನೆ ನಿಂತವು. ಕರೆಂಟ್ ಹೋಗಿತ್ತು.

ಅಪ್ಪ ಕೈ ಒರೆಸುತ್ತ ಒಳಗೆ ಬಂದ. “ಅದೇನೋ ಕೇಳಾಕತ್ತಿದ್ದೆಲ್ಲೋ, ಏನದು?”

“ಏನಿಲ್ಲ ಯಪ್ಪಾ, ಇಲ್ಲೊಂದ ಸಹಿ ಮಾಡು.”

ಅಪ್ಪ ಕೂತು, ಬಟ್ಟೆಯಲ್ಲಿ ತಪ್ಪು ಹುಡುಕುವಂತೆ ಹಾಳೆಯನ್ನು ಬೆಳಕಿಗೆ ಹಿಡಿದು ಓದಿದ. ಪೆನ್ನು ಕೇಳಿದ. ಖುಷಿಯಿಂದ ಕೊಟ್ಟೆ. ಒಂದು ಸಾಲು ಹೊಡೆದು ಹಾಕಿದ. ಆಮೇಲೆ ಇನ್ನೊಂದು.

“ಯಪ್ಪಾ, ಅದು ಛಲೋ ಐತಿ, ಇರ್ಲಿ!”

“ಖರೆ ಐತೇನ?”

ಕೊನೆಗೆ ಮೊದಲ ಸಾಲು ಮಾತ್ರ ಉಳಿಯಿತು: ‘ನಮ್ಮ ತಂದೆ ನೇಕಾರರು.’ ಅಪ್ಪ ಅದರ ಕೆಳಗೆ ದುಂಡಗೆ ಸಹಿ ಹಾಕಿದ. “ಇದಷ್ಟ ಖರೆ ಐತಿ. ಉಳದದ್ದ ಕೇಳು, ಹೇಳ್ತೀನಿ.”

ಇನ್ನು ನಾನೂರ ತೊಂಬತ್ತೇಳು ಪದ ಬೇಕು. ಪೆನ್ನು ಕಸಿದುಕೊಂಡು, “ಯಪ್ಪಾ, ಮೊದಲ ನೀ ಮಗ್ಗಕ್ಕ ಕೂತಿದ್ದ ಯಾವಾಗ? ಯಾರ ಕಲಿಸಿದ್ರು? ಆಮ್ಯಾಲೆ...” ಎಂದು ಶುರುಮಾಡುವಷ್ಟರಲ್ಲಿ ತಲೆಯ ಮೇಲೆ ಫ್ಯಾನು ಮೆಲ್ಲಗೆ ತಿರುಗಿತು. ಕರೆಂಟ್ ಹೋಗಲಿ ಎಂದು ಬೇಡಿದ್ದೆ, ಎಷ್ಟು ಹೊತ್ತು ಎಂದು ದೇವರಿಗೆ ಹೇಳಿರಲೇ ಇಲ್ಲ.

ಅಪ್ಪ ಎದ್ದ. ನನ್ನತ್ತ ಅಂಗೈ ಎತ್ತಿ ತೋರಿಸಿ ಮಗ್ಗಗಳತ್ತ ನಡೆದ. ಆಗ ಮನೆಯಲ್ಲಿ ಒಂದು ಮಗ್ಗವೂ ಇನ್ನೂ ಶುರುವಾಗಿರಲಿಲ್ಲ, ನನ್ನ ಬಾಯೊಂದನ್ನು ಬಿಟ್ಟು.