ಸ್ವೋನಾ ಮಾವನಿಗೊಂದು ಶಿಫಾರಸು

ಕೆಂಗ್ ಹುವಾಟ್ ದಿಂಬಿಗೆ ತಲೆ ಕೊಟ್ಟು ಒಂದು ಆಕಳಿಕೆ ಮುಗಿಸುವಷ್ಟರಲ್ಲಿ, ಮೇಲಿನ ಮನೆಯಲ್ಲಿ ಬೂನ್ ಟೆಂಗ್ ಮಾವ ಸ್ವೋನಾ ಎತ್ತಿಕೊಂಡರು.

ಹಿತ್ತಾಳೆ ಬಾಯಿಯ ಆ ವಾದ್ಯವನ್ನು ಪಿನಾಂಗಿನಲ್ಲಿ ಮದುವೆಗೂ ಊದಿಸುತ್ತಾರೆ, ಹೆಣದ ಮುಂದೆಯೂ ಊದಿಸುತ್ತಾರೆ. ಮಾವ ಊದಿದರೆ ಮದುಮಗನೇ ಸತ್ತುಹೋದಂತೆ ಕೇಳುತ್ತಿತ್ತು.

ಕೆಂಗ್ ಹುವಾಟ್ ಬೇಕರಿಯಲ್ಲಿ ರಾತ್ರಿಪಾಳಿಯವನು. ಊರು ಏಳುವ ಹೊತ್ತಿಗೆ ಅವನು ಮಲಗಬೇಕು. ಹಿಂದಿನ ವಾರ ಒಲೆಯ ಮುಂದೆ ನಿಂತಲ್ಲೇ ತೂಕಡಿಸಿ, ಹೆಸರುಬೇಳೆ ಹೂರಣದ ಬಿಸ್ಕತ್ತುಗಳನ್ನೆಲ್ಲ ಇದ್ದಿಲು ಮಾಡಿದ್ದ. "ಇನ್ನೊಂದ್ಸಲ ಸೀದ್ರೆ ಮನೇಲೇ ಮಲ್ಕೋ, ಪರ್ಮನೆಂಟಾಗಿ" ಎಂದಿದ್ದ ಮಾಲೀಕ. ಕೆಂಗ್ ಹುವಾಟ್ ಕಿವಿಗೆ ಹತ್ತಿ ತುರುಕಿ, ಹತ್ತಿಯ ಮೇಲೆ ದಿಂಬು ಒತ್ತಿಕೊಂಡ. ಸ್ವೋನಾ ಕರೆಯದೆ ಬರುವ ನೆಂಟನ ಹಾಗೆ ಎಲ್ಲವನ್ನೂ ದಾಟಿಕೊಂಡು ಸೀದಾ ಒಳಕ್ಕೇ ಬಂತು.

ಅವನು ಎದ್ದವನೇ ಬನಿಯನ್ನಿನಲ್ಲೇ ಕೆಳಗಿನ ಕಾಫಿ ಅಂಗಡಿಗೆ ಇಳಿದ.

"ಇವತ್ತು ಪೊಲೀಸ್ ಸ್ಟೇಷನ್ನಿಗೆ ಹೋಗೇ ಹೋಗ್ತೀನಿ ಅಕ್ಕ!"

ಅಂಗಡಿಯ ಕೂಯ್ ಸಿಮ್ ಅಕ್ಕ ಕಾಫಿ ಸೋಸುತ್ತಲೇ ಬೈದಳು. "ಮುದುಕರ ಮೇಲೆ ಕಂಪ್ಲೇಂಟಾ? ನಿನ್ನ ನಾಲಿಗೆ ಬಿದ್ದುಹೋಗ. ಹೆಂಡ್ತಿ ಹೋದ್ಮೇಲೆ ಅವ್ರಿಗೆ ಅದೊಂದೇ ಜೊತೆ ಕಣೋ."

"ನನ್ನ ನಿದ್ದೇನೂ ಹೋಗಿದ್ಯಲ್ಲ ಅಕ್ಕ, ನಂಗ್ಯಾರು ಜೊತೆ?"

ಪಕ್ಕದ ಕ್ಷೌರದಂಗಡಿಯ ಸೂನ್, ಗಿರಾಕಿಯ ಅರ್ಧ ಗಡ್ಡವನ್ನು ಹಾಗೇ ಬಿಟ್ಟು ಓಡಿಬಂದ. ಇಂಥ ಮಾತು ಅವನಿಗೆ ಗೋಡೆಯಾಚೆಯಿಂದಲೂ ಕೇಳಿಸುತ್ತದೆ.

"ಲೋ, ಪರಂಪರೆ ಪ್ರತಿಷ್ಠಾನದವರು ಇವತ್ತು ಸಭಾಭವನದಲ್ಲಿ ಹಬ್ಬ ಇಟ್ಕೊಂಡವ್ರೆ. ಹಳೇ ಕಲೆಗಳಿಗೆ ಅನುದಾನ ಕೊಡ್ತಾರೆ. ಯಾರು ಬೇಕಾದ್ರೂ ಕಲಾವಿದರ ಹೆಸರು ಹೇಳ್ಬಹುದು. ಮಾವನಿಗೆ ಕೊಡಿಸಿಬಿಡು. ಅದ್ರ ಜೊತೆಗೆ ಅಭ್ಯಾಸಕ್ಕೆ ಅಂತ ಬಂದರಿನ ಹತ್ರ ಒಂದು ಕೋಣೆ ಸಿಗುತ್ತೆ, ಹಡಗಿನ ಜೊತೆ ಊದ್ಕೊಳ್ಲಿ."

"ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ" ಎಂದಳು ಅಕ್ಕ.

"ನೀನೇ ಹೋಗಿ ಹೇಳು ಸೂನಣ್ಣ."

"ನಿದ್ದೆ ಕೆಟ್ಟಿರೋದು ನಿಂದು. ನಿನ್ನ ಮುಖದಲ್ಲಿರೋ ಕಳೆ ನಾನೆಲ್ಲಿಂದ ತರ್ಲಿ?"

ಸಭಾಭವನದ ತುಂಬ ಕಾಗದದ ಲಾಟೀನುಗಳು, ಚಹಾದ ಘಮ, ಮಕ್ಕಳ ಗಲಾಟೆ. ಸ್ವಯಂಸೇವಕಿಯೊಬ್ಬಳು ಅವನನ್ನು ಚೀನೀ ಅಕ್ಷರ ಬರೆಯುವ ಮೇಜಿನ ಮುಂದೆ ಕೂರಿಸಿ ಕೈಗೆ ಕುಂಚ ಕೊಟ್ಟಳು. "ನಿಮ್ಮ ಸರದಿ ಬರೋವರೆಗೂ ಸುಮ್ನೆ ಕೂರ್ಬೇಡಿ ಅಂಕಲ್."

ಒಂದು ಗೀಟು ಎಳೆದ. ಎರಡನೆಯದಕ್ಕೆ ಮೊದಲೇ ಮೇಜಿನ ಮೇಲೆ ಬಿದ್ದು ನಿದ್ದೆಹೋದ. ಯಾರೋ ಅಲುಗಿಸಿ ಎಬ್ಬಿಸಿದಾಗ, ಪಕ್ಕದವರು ಬರೆದು ಆರಲಿಟ್ಟಿದ್ದ 'ಭಾಗ್ಯ' ಎಂಬ ಅಕ್ಷರ ಅವನ ಕೆನ್ನೆಗೆ ಅಚ್ಚಾಗಿ ಕೂತಿತ್ತು. ಅದೇ ಮುಖ ಹೊತ್ತು ಆಯ್ಕೆ ಮಂಡಳಿಯ ಎದುರು ನಿಂತ.

ಅಧ್ಯಕ್ಷೆ ಖೋರ್ ಮೇಡಂ ಕನ್ನಡಕದ ಮೇಲಿಂದ ನೋಡಿದರು. "ಬೂನ್ ಟೆಂಗ್ ಅವರ ವಾದನ ದಿನಾ ಕೇಳ್ತೀರಾ?"

"ಒಂದು ದಿನಾನೂ ತಪ್ಪಿಸಕ್ಕಾಗಿಲ್ಲ ಮೇಡಂ."

"ಕೇಳಿದಾಗ ಏನನ್ನಿಸುತ್ತೆ?"

ಸುಳ್ಳು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ. "ಮಲಗಿರೋನು ಎದ್ದು ಕೂತ್ಬಿಡ್ತೀನಿ. ಕಣ್ಣಲ್ಲಿ ನೀರು ಬರುತ್ತೆ. ಒಲೆ ಮುಂದೆ ನಿಂತ್ರೂ ಕಿವೀಲಿ ಅದೇ. ಬಿಸ್ಕತ್ತು ಸೀದಿದ್ದೂ ಗೊತ್ತಾಗಲ್ಲ."

ಮಂಡಳಿಯವರು ಮುಖ ಮುಖ ನೋಡಿಕೊಂಡರು. ನಿದ್ದೆಗೆಟ್ಟ ಅವನ ಕೆಂಪು ಕಣ್ಣಿಂದ ಆಗಲೂ ಒಂದು ಹನಿ ಉರುಳಿ, ಕೆನ್ನೆಯ ಭಾಗ್ಯವನ್ನು ಕಲಸಿತು.

"ಅವರಿಗೆ ಎಲ್ಲಾದ್ರೂ ದೂರದಲ್ಲಿ ಒಂದು ಕೋಣೆ ಕೊಡಿ ಮೇಡಂ" ಎಂದು ಕೈಮುಗಿದ. "ಬೇರೆಯವರೂ ಸ್ವಲ್ಪ ಕೇಳ್ಲಿ."

"ಎಂಥ ದೊಡ್ಡ ಮನಸ್ಸು ನಿಮ್ಮದು!" ಖೋರ್ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು.

ಲಾಟೀನು ಹಚ್ಚುವ ಹೊತ್ತಿಗೆ ಅನುದಾನ ಘೋಷಣೆಯಾಯಿತು. ಕೆಂಗ್ ಹುವಾಟ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ದಾರಿಯಲ್ಲಿ ಸೂನ್‌ಗೂ ಅಕ್ಕನಿಗೂ ಚಂದ್ರನ ಹಬ್ಬದ ಕೇಕು ಕೊಡಿಸಿದ. ಬೇಕರಿಗೆ ಅಂದು ರಜೆ. ಮನೆಗೆ ಬಂದು ಹೊಸ ಹಾಸು ಹಾಸಿ, ಆನೆ ಮಲಗಿದ ಹಾಗೆ ಮಲಗುವವನಿದ್ದ. ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು.

ಬೂನ್ ಟೆಂಗ್ ಮಾವ! ಒಗೆದ ಅಂಗಿ, ಒದ್ದೆ ಕಣ್ಣು. ಬಂದವರೇ ಅವನ ಎರಡೂ ಕೈ ಹಿಡಿದುಕೊಂಡರು.

"ನೀನು ಹೇಳಿದ್ದೆಲ್ಲ ಖೋರ್ ಮೇಡಂ ಫೋನಲ್ಲಿ ಹೇಳಿದ್ರು ಕಣಪ್ಪ. ನಾಳೆ ತೈಪಿಂಗಿಗೆ ಹೊರಟಿದ್ದೆ, ಮಗಳ ಮನೇಲೇ ಇದ್ಬಿಡೋಣ ಅಂತ. ಗಂಟೂ ಕಟ್ಟಿದ್ದೆ. ಕೇಳೋರೇ ಇಲ್ಲದ ಮೇಲೆ ಯಾರಿಗೆ ಊದ್ಲಿ? ಬೆಳಿಗ್ಗೆ ಊದಿದ್ದು ಕೊನೇ ಸಲ ಅಂತಲೇ ಊದಿದ್ದು. ಈಗ ಗಾಡಿಯವನಿಗೆ ಬರ್ಬೇಡ ಅಂದ್ಬಿಟ್ಟೆ."

ಕೆಂಗ್ ಹುವಾಟ್ ಮೆಲ್ಲಗೆ ಕೈ ಬಿಡಿಸಿಕೊಂಡ. "ಮತ್ತೆ... ಬಂದರಿನ ಕೋಣೆ, ಮಾವ?"

"ಅದನ್ನ ಬೊಂಬೆಯಾಟದವರಿಗೆ ಕೊಡಿ ಅಂದೆ. ಕಣ್ಣೀರು ಹಾಕಿ ಕೇಳೋನು ಇಲ್ಲಿರುವಾಗ, ನಾನಲ್ಲಿ ಹೋಗಿ ಮೀನಿಗೆ ಊದ್ಲಾ?"

ಕೆಂಗ್ ಹುವಾಟ್ ನಿಜ ಹೇಳಲೆಂದೇ ಬಾಯಿ ತೆರೆದ. ಮಾವನ ಮುಖ ಹಬ್ಬದ ದಿನದ ಮಗುವಿನ ಹಾಗೆ ಅರಳಿತ್ತು. "ಒಳ್ಳೇದಾಯ್ತು ಬಿಡಿ ಮಾವ" ಎಂದಿತು ಅವನ ಬಾಯಿ, ಅವನನ್ನು ಕೇಳದೆಯೇ.

ಮಾವ ಕಣ್ಣೊರೆಸಿಕೊಂಡು ಮೆಟ್ಟಿಲು ಹತ್ತಿದರು. ಅರ್ಧಕ್ಕೆ ನಿಂತು ತಿರುಗಿದರು.

"ಇನ್ನೊಂದು ಮಾತು ಮಗಾ. ಕೆಳಗಿನವರಿಗೆ ತೊಂದ್ರೆ ಆಗ್ಬಾರ್ದು ಅಂತ ಇಷ್ಟು ವರ್ಷ ಸ್ವೋನಾ ಬಾಯಿಗೆ ಬಟ್ಟೆ ತುರುಕಿ ಊದ್ತಿದ್ದೆ. ಪಾಪ, ನಿಂಗೆ ಸರಿಯಾಗಿ ಕೇಳಿಸ್ತಾನೇ ಇರ್ಲಿಲ್ಲ. ನಾಳೆಯಿಂದ ತೆಗೆದ್ಬಿಡ್ತೀನಿ."