ಅಪ್ಪನ ನಂಬರು ಅವ್ವನ ಹೆಸರಿಗೆ

ಸಾವಾದ ಮನೆಯಲ್ಲಿ ನಗಬಾರದು ಅಂತ ಹಿರಿಯರು ಹೇಳುತ್ತಾರೆ. ಹಾಗೆ ಹೇಳಿದ ಹಿರಿಯರ ಮನೆಯಲ್ಲಿ ಸತ್ತವರ ಹೆಸರಿಗೆ ಜಿಎಸ್‌ಟಿ ನಂಬರು ಇದ್ದಿರಲಿಕ್ಕಿಲ್ಲ. ಇದ್ದರೆ ವಾರಕ್ಕೊಂದು ಸಲವಾದರೂ ನಗುವ ಪ್ರಸಂಗ ಬಂದೇ ಬರುತ್ತದೆ. ನಮಗಂತೂ ಬಂತು.

ಅಪ್ಪನಿಗೆ ನಾಚಾರಂನಲ್ಲಿ ಒಂದು ಶೆಡ್. ನೀರಿನ ಪಂಪಿಗೆ ಹಾಕುವ ರಬ್ಬರ್ ವಾಷರ್ ಅಲ್ಲಿ ತಯಾರಾಗುತ್ತವೆ. ಯಾದಗಿರಿ ಕಡೆಯ ಒಬ್ಬ ಮೇಸ್ತ್ರಿ, ಅವನ ಊರಿನವರೇ ಇನ್ನೂ ನಾಲ್ಕು ಜನ. ಒಂದು ಮಧ್ಯಾಹ್ನ ಊಟ ಮುಗಿಸಿ ಶೆಡ್ಡಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿದ ಅಪ್ಪ ಮತ್ತೆ ತೆರೆಯಲಿಲ್ಲ.

ತಿಂಗಳು ತುಂಬುವ ಮೊದಲೇ, ನಮ್ಮ ವಾಷರ್ ಕೊಳ್ಳುವ ಪಂಪ್ ಕಂಪನಿಯಿಂದ ಫೋನ್ ಬಂತು. ಬಹಳ ದುಃಖವಾಯಿತು ಅಂದರು. ಅದೇ ಉಸಿರಿನಲ್ಲಿ, ಸತ್ತವರ ನಂಬರಿನ ಬಿಲ್ಲು ನಡೆಯುವುದಿಲ್ಲ, ಎರಡು ತಿಂಗಳೊಳಗೆ ಹೊಸ ನಂಬರು ತನ್ನಿ, ಇಲ್ಲದಿದ್ದರೆ ಬೇರೆಯವರಿಗೆ ಆರ್ಡರ್ ಕೊಡುತ್ತೇವೆ ಅಂದರು. ನಮ್ಮಿಂದ ಕೊಳ್ಳುವವರು ಅವರೊಬ್ಬರೇ. ಅವರು ಕೈಬಿಟ್ಟರೆ ಶೆಡ್ಡಿಗೆ ಬೀಗ. ಐದು ಜನ ಊರಿನ ಬಸ್ಸು ಹತ್ತಬೇಕು.

ಹೊಸ ನಂಬರು ಅವ್ವನ ಹೆಸರಿಗೆ ಆಗಬೇಕು. ಅದಕ್ಕೊಬ್ಬ ಸಿಎ ಬೇಕು. ಸಿಎ ಹತ್ತಿರ ಮಾತಾಡಲು ನಾನು ಬೇಕು, ಯಾಕೆಂದರೆ ನಾನು ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಆಟೋದಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಈ ನಾಲ್ಕೂ ಭಾಷೆಯಲ್ಲಿ ನಾನು ಸುಮ್ಮನೆ ಕೂಡುವವಳು ಅನ್ನುವುದು ಆಗ ಯಾರಿಗೂ ನೆನಪಾಗಲಿಲ್ಲ.

ಶಿಸ್ತಿನ ಮನುಷ್ಯ

ಮೊದಲು ಅಪ್ಪನ ಹಳೆಯ ಸಿಎ ಹತ್ತಿರವೇ ಹೋದೆವು, ನಾನು ಮತ್ತು ಅಪ್ಪನ ತಮ್ಮ ಕಾಕಾ. ವಯಸ್ಸಾದ ತೆಲುಗಿನವರು. ನಾನು ಹೇಗೆ ಶುರು ಮಾಡುವುದು ಅಂತ ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಿದ್ದೆ. ಅಷ್ಟರಲ್ಲಿ ಅವರೇ ಶುರು ಮಾಡಿದರು.

"ಬಾಮ್ಮಾ, ಬಾ. ನಿಮ್ಮ ನಾನ್ನಗಾರು ಈಗೀಗ ಎಷ್ಟು ಶಿಸ್ತಾಗಿದ್ದಾರೆ! ಪ್ರತಿ ತಿಂಗಳೂ ನನ್ನ ಜೊತೆ ಜಗಳ. ಆ ಬಿಲ್ಲು ಯಾಕೆ ಬಿಟ್ಟೆ, ಈ ಖರ್ಚು ಯಾಕೆ ಹಾಕಲಿಲ್ಲ. ಈ ತಿಂಗಳು ಒಂದೇ ಒಂದು ಮಾತಿಲ್ಲ. ಮನುಷ್ಯ ಅಂದರೆ ಹೀಗಿರಬೇಕು."

ಕಾಕಾ ಹೇಳಿದರು, "ಸರ್, ಅಣ್ಣ ತೀರಿಕೊಂಡ್ರು."

"ಯಾವಾಗ?"

"ಈ ತಿಂಗಳು ಮೊದಲನೇ ವಾರ."

ಸಿಎ ಗೋಡೆಯ ಕ್ಯಾಲೆಂಡರ್ ಕಡೆ ನೋಡಿದರು. ಆಮೇಲೆ ತಮ್ಮ ಡ್ರಾಯರ್ ಕಡೆ ನೋಡಿದರು. ಆ ಡ್ರಾಯರಿನಲ್ಲಿ ಅಪ್ಪನ ಸಹಿ ಇತ್ತು. ಈಗಿನ ಸಹಿ ಪೆನ್ ಡ್ರೈವಿನ ಹಾಗಿರುತ್ತದೆ. ಅದನ್ನು ಚುಚ್ಚಿ ಒತ್ತಿದರೆ ಮಾಲೀಕರೇ ಸಹಿ ಮಾಡಿದಂತೆ. ಮೇಸ್ತ್ರಿ ಎಂದಿನ ಹಾಗೆ ಬಿಲ್ಲುಗಳ ಫೋಟೋ ಕಳಿಸಿದ್ದ, ಇವರು ಎಂದಿನ ಹಾಗೆ ಚುಚ್ಚಿ ಒತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ, ಆ ತಿಂಗಳು ಸಲ್ಲಿಸಬೇಕಾದ ಎರಡೂ ರಿಟರ್ನಿಗೆ ಸಹಿ ಹಾಕಿದ್ದಾರೆ.

"ನಾನು ಶೆಡ್ಡಿಗೆ ಫೋನ್ ಮಾಡಿ ವಿಚಾರಿಸಿದೆನಲ್ಲ!" ಅಂದರು ಸಿಎ. "ಈಗಷ್ಟೇ ಹೊರಗೆ ಹೋಗಿದ್ದಾರೆ, ಸಂಜೆಗೆ ಬರ್ತಾರೆ ಅಂದ ನಿಮ್ಮ ಮೇಸ್ತ್ರಿ!"

ಅದು ಅಪ್ಪ ಹಾಕಿಕೊಟ್ಟ ಪಾಠ. ಚಂದಾ ಕೇಳುವವರು, ಮಾಲು ಮಾರಲು ಬಂದವರು, ಸಿಎ, ಯಾರೇ ಕೇಳಲಿ, ಮೇಸ್ತ್ರಿಗೆ ಇದೊಂದೇ ಉತ್ತರ. ಕನ್ನಡ, ಹಿಂದಿ, ತೆಲುಗು ಮೂರರಲ್ಲೂ ಬಾಯಿಪಾಠ. ಇನ್ನು ಅದು ಬೇಡ ಅಂತ ಅವನಿಗೆ ಹೇಳಬೇಕು ಅನ್ನುವುದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಸಿಎ ಒಂದು ಲೋಟ ನೀರು ಕುಡಿದರು. ಅಪ್ಪನ ಫೈಲು, ಅಪ್ಪನ ಸಹಿ ಎರಡನ್ನೂ ಒಂದು ಬಟ್ಟೆ ಚೀಲಕ್ಕೆ ಹಾಕಿ ನನ್ನ ಕೈಗೆ ಕೊಟ್ಟರು. ಅಸ್ಥಿ ತಂದ ಮೇಲೆ ಅಪ್ಪನದು ಅಂತ ಚೀಲದಲ್ಲಿ ಮನೆಗೆ ಬಂದದ್ದು ಅದೇ. "ನನಗೆ ಬಿಪಿ ಇದೆ. ಬೇರೆಯವರನ್ನು ನೋಡಿಕೊಳ್ಳಿ" ಅಂದರು.

ಬಾಗಿಲ ತನಕ ಬಂದು, ನನ್ನ ತಲೆಯ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು: "ಸಮಾಧಾನ ಮಾಡ್ಕೋಮ್ಮಾ. ಲೇಟ್ ಫೀ ಅಂತೂ ಬಿದ್ದಿಲ್ಲ."

ನಮ್ಮ ಕಡೆಯವರು

"ಈ ಸಲ ನಮ್ಮ ಕಡೆಯವ್ರನ್ನ ಹಿಡಿಯೋಣ್ರಿ ವೈನಿ" ಅಂದರು ಕಾಕಾ, ಅವ್ವನಿಗೆ. "ನಾವು ಕನ್ನಡದಾಗ ಅತ್ತರ ಕನ್ನಡದಾಗ ಸಮಾಧಾನ ಮಾಡವ್ರು ಬೇಕು."

ಕಾಕಾನ ಸೀರೆ ಅಂಗಡಿ ಸುಲ್ತಾನ್ ಬಜಾರಿನಲ್ಲಿ. ಅಲ್ಲೇ ಎರಡು ಗಲ್ಲಿ ಆಚೆ, ಒಂದು ಅಂಗಡಿಯ ಮಾಳಿಗೆಯ ಮೇಲೆ ಕಲಬುರಗಿ ಕಡೆಯ ಒಬ್ಬ ಸಿಎ ಇದ್ದಾರೆಂದು ಪತ್ತೆ ಮಾಡಿದರು. ಅವ್ವ ಬೆಳಿಗ್ಗೆಯೇ ಎದ್ದು ಜೋಳದ ರೊಟ್ಟಿ ಬಡಿದು, ಶೇಂಗಾ ಹಿಂಡಿ ಅನ್ನುವ ಚಟ್ನಿಪುಡಿ ಹಾಕಿ ಡಬ್ಬಿ ಕಟ್ಟಿದಳು. ಬರಿಗೈಲಿ ಹೋಗುವುದು ಹೇಗೆ?

ಕಾಕಾ ಆ ಸಿಎಯನ್ನು ಪರೀಕ್ಷೆ ಮಾಡಿದ್ದೇ ಮಾಡಿದ್ದು. ಯಾವ ಊರು, ಯಾವ ಓಣಿ, ಯಾರ ಪೈಕಿ, ಹೆಂಡತಿಯ ತವರು ಎಲ್ಲಿ. ಎಲ್ಲದಕ್ಕೂ ಸರಿಯಾದ ಉತ್ತರ ಬಂತು. ಡಬ್ಬಿ ಬಿಚ್ಚಿಕೊಂಡಿತು. ಒಂದು ತುತ್ತಿಗೆ ಅವರ ಕಣ್ಣಲ್ಲಿ ನೀರು. "ಎಷ್ಟು ವರ್ಷ ಆತ್ರಿ ಅವ್ವಾರ, ಇಂಥಾ ರೊಟ್ಟಿ ತಿಂದು." ಅವ್ವನ ಕಣ್ಣಲ್ಲೂ ನೀರು. ಕಾಕಾನಿಗೆ ಹಿಂಡಿಯ ಖಾರಕ್ಕೋ ಏನೋ, ಅವರಿಗೂ ನೀರು. ನಾನು ಫೈಲನ್ನು ಮೇಜಿನ ಮೇಲೆ ಮೂರು ಸಲ ಮುಂದೆ ಸರಿಸಿದೆ. ಮೂರು ಸಲವೂ ಅವರು ಅದನ್ನು ಪಕ್ಕಕ್ಕಿಟ್ಟು ಡಬ್ಬಿಗೆ ಜಾಗ ಮಾಡಿದರು.

ಒಂದು ತಾಸಿನ ಮೇಲೆ ಕೈ ತೊಳೆದು ಬಂದು ಫೈಲು ತೆರೆದರು. ಮುಚ್ಚಿದರು.

"ಅವ್ವಾರ, ನಾ ಬರೇ ಗುಡಿ, ಟ್ರಸ್ಟಿನ ಲೆಕ್ಕ ನೋಡಾಂವ್ರಿ. ಜಿಎಸ್‌ಟಿ ಮುಟ್ಟಂಗಿಲ್ಲ."

ಕಾಕಾ ಸಿಟ್ಟಿಗೆದ್ದರು. "ಮತ್ತ ಮೊದಲ ಯಾಕ ಹೇಳಲಿಲ್ರಿ?"

"ನೀವು ಕೇಳಲಿಲ್ಲಲ್ರಿ. ಅದೂ ಅಲ್ದ, ಫೈಲಿಗಿಂತ ಮೊದಲು ಡಬ್ಬಿ ಬಿಚ್ಚಿದ್ರಿ."

ಸ್ನಾನ ಆಯ್ತಾ?

ಮೂರನೆಯವರನ್ನು ನಾನೇ ಹುಡುಕಿದೆ. ಅಮೀರ್‌ಪೇಟ್‌ನಲ್ಲಿ ಕೋಚಿಂಗ್ ಬೋರ್ಡುಗಳ ನಡುವೆ ಅವರದೊಂದು ಸಣ್ಣ ಬೋರ್ಡು. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ತೆಲುಗು ಹುಡುಗಿ. ಅಯ್ಯೋ ಪಾಪ ಅನ್ನಲಿಲ್ಲ. "ಮರಣ ಪ್ರಮಾಣಪತ್ರ ಎಷ್ಟು ಕಾಪಿ ಮಾಡಿಸಿದ್ದೀರಿ?" ಅಂದರು. ಎರಡು ಅಂದೆ. "ಇಪ್ಪತ್ತು ಮಾಡಿಸಿ" ಅಂದರು. ಇವರೇ ಸರಿ ಅನ್ನಿಸಿತು. ಇವರ ಜೊತೆ ಹೆಚ್ಚು ಮಾತಾಡಬೇಕಾಗಿಲ್ಲ.

ತೊಡಕು ಬಂದದ್ದು ಮನೆಯಲ್ಲಿ. ಅಪ್ಪನ ಹಳೆಯ ಖಾತೆ ತೆರೆಯಬೇಕಾದರೆ ಓಟಿಪಿ ಅಪ್ಪನ ಫೋನಿಗೇ ಬರುತ್ತದೆ. ಆ ಫೋನನ್ನು ಅವ್ವ ದೇವರ ಜಗಲಿಯ ಪಕ್ಕ, ಅಪ್ಪನ ಫೋಟೋ ಮುಂದೆ ಇಟ್ಟಿದ್ದಾಳೆ. ದಿನಾ ದೀಪಕ್ಕೆ ಎಣ್ಣೆ, ಫೋನಿಗೆ ಚಾರ್ಜು. ಸ್ನಾನ ಮಾಡದೆ ಅದನ್ನು ಮುಟ್ಟುವುದಿಲ್ಲ, ಬೇರೆಯವರಿಗೆ ಮುಟ್ಟಗೊಡುವುದೂ ಇಲ್ಲ. ಓಟಿಪಿಯ ಆಯುಷ್ಯ ಹತ್ತು ನಿಮಿಷ. ಅವ್ವನ ಸ್ನಾನಕ್ಕೆ ಇಪ್ಪತ್ತು.

ಸಿಎ ಆಫೀಸಿನ ಸಹಾಯಕಿ ಅವ್ವನ ಫೋನಿಗೆ ಮಾಡುವಳು. "ಅಮ್ಮಾ, ಓಟಿಪಿ ಚೆಪ್ಪಂಡಿ." "ತಡಿಯಮ್ಮಾ, ಸ್ನಾನ ಮಾಡಿ ಬರ್ತೀನಿ." ಅವ್ವ ಒದ್ದೆ ಕೂದಲಲ್ಲಿ ಬಂದು ನಿಧಾನವಾಗಿ ಆರು ಅಂಕಿ ಓದುವಷ್ಟರಲ್ಲಿ ಓಟಿಪಿಯೂ ತೀರಿಕೊಂಡಿರುತ್ತಿತ್ತು. ಹೀಗೆ ನಾಲ್ಕು ದಿನ ಹೋಯಿತು. ಗಡುವು ಕರಗುತ್ತಿತ್ತು. ನಾನು ಅವ್ವನಿಗೆ ಹೇಳಲು ಬಾಯಿ ತೆರೆದೆ. "ಅದೊಂದ ಉಳದದ ನನಗ" ಅಂದಳು. ಮುಚ್ಚಿದೆ.

ಕೊನೆಗೆ ಸಹಾಯಕಿಯೇ ದಾರಿ ಕಂಡುಕೊಂಡಳು. ದಿನಾ ಬೆಳಿಗ್ಗೆ ಮೊದಲು ಫೋನ್ ಮಾಡಿ, ತುಂಬಿದ ಆಫೀಸಿನಲ್ಲಿ ಗಟ್ಟಿಯಾಗಿ ಕೇಳುವಳು: "ಅಮ್ಮಾ, ಸ್ನಾನಂ ಅಯಿಂದಾ?" ಆಯಿತು ಅಂದರೆ ಮಾತ್ರ ಓಟಿಪಿ ಕಳಿಸುವಳು.

ಒಂದು ವಾರ ಹೀಗೆ ನಡೆಯಿತು. ಆಮೇಲೆ ಸಿಎ ನನಗೆ ಹೇಳಿದರು: "ನಿನ್ನೆ ಹೊಸ ಕ್ಲೈಂಟ್ ಒಬ್ಬರು ಅರ್ಧ ಗಂಟೆ ಯೋಚನೆ ಮಾಡುತ್ತಾ ಕೂತಿದ್ದರು. ಕೊನೆಗೆ ಕೇಳಿದರು, ಮೇಡಂ, ಇದು ಎಲ್ಲರಿಗೂ ಇದೆಯಾ, ಜಿಎಸ್‌ಟಿಯವರಿಗೆ ಮಾತ್ರವಾ?"

ಸಂಜೆಗೆ ಬರುತ್ತಾರೆ

ಗಡುವಿಗೆ ಹತ್ತು ದಿನ ಇದ್ದಾಗ, ಶೆಡ್ ನೋಡಲು ಅಧಿಕಾರಿ ಬರುತ್ತಾರೆಂದು ತಿಳಿಯಿತು. ಹೊಸ ಮಾಲೀಕರು ಅಲ್ಲೇ ಇರಬೇಕು, ಫೋಟೋ ತೆಗೆಯುತ್ತಾರೆ. ಇಷ್ಟು ವರ್ಷದಲ್ಲಿ ಅವ್ವ ಒಂದು ಸಲವೂ ಶೆಡ್ಡಿನೊಳಗೆ ಕಾಲಿಟ್ಟವಳಲ್ಲ. ಅವತ್ತು ನನ್ನ ಮತ್ತು ಸಿಎ ಜೊತೆ ಬಂದಳು. ಅಪ್ಪನ ಕುರ್ಚಿ ನೋಡಿದಳು, ಕೂಡಲಿಲ್ಲ. ಮುಖ ತೊಳೆದು ಬರುತ್ತೇನೆ ಅಂತ ಹಿಂದಿನ ನಳದ ಹತ್ತಿರ ಹೋದಳು.

ಸರಿಯಾಗಿ ಅದೇ ಹೊತ್ತಿಗೆ ಅಧಿಕಾರಿ ಒಳಗೆ ಬಂದರು. ಎದುರಿಗೆ ಸಿಕ್ಕವನು ಮೇಸ್ತ್ರಿ.

"ಮಾಲಿಕ್ ಕಹಾಂ ಹೈ?"

ಮೇಸ್ತ್ರಿ ತಲೆ ಕೂಡ ಎತ್ತಲಿಲ್ಲ. "ಅಭೀ ಅಭೀ ಬಾಹರ್ ಗಯೇ ಸಾಬ್. ಶಾಮ್ ಕು ಆತೇ."

ವಾಷರ್ ಒತ್ತುವ ಪ್ರೆಸ್ಸಿನ ಹತ್ತಿರ ಇದ್ದ ನಾಲ್ವರೂ ಕೈ ನಿಲ್ಲಿಸಿದರು. ನಮ್ಮ ಸಿಎ ಕಣ್ಣು ಮುಚ್ಚಿಕೊಂಡರು. ಅಧಿಕಾರಿ ನಿಧಾನವಾಗಿ ಫೈಲು ತಿರುವಿದರು.

"ಮಾಲೀಕರು ತೀರಿಕೊಂಡಿದ್ದಾರೆ ಅಂತ ಇಲ್ಲಿ ಪತ್ರ ಇದೆ. ತೀರಿಕೊಂಡ ಮೇಲೆ ಎರಡು ರಿಟರ್ನಿಗೆ ಸಹಿ ಮಾಡಿದ್ದಾರೆ. ಈಗ ಸಂಜೆಗೆ ಬರ್ತಾರೆ." ಒಂದು ಸ್ಟೂಲ್ ಎಳೆದು ಕೂತರು. "ಆಗಲಿ. ನಾನು ಸಂಜೆ ತನಕ ಕಾಯ್ತೀನಿ."

ಸಿಎ ವಿವರಿಸಲು ಹೋದರು. ಅಧಿಕಾರಿ ಕೈ ಎತ್ತಿ ತಡೆದರು. ನನ್ನ ಕಡೆ ನೋಡಿ, "ನೀವು ಮಗಳಾ? ಹೇಳಿ, ನಿಮ್ಮ ತಂದೆ ಇದ್ದಾರೋ ಇಲ್ಲವೋ?" ಅಂದರು. ಒಂದೇ ಶಬ್ದದ ಉತ್ತರ. ನಾಲ್ಕು ಭಾಷೆಯಲ್ಲಿ ಹುಡುಕಿದೆ. ಒಂದರಲ್ಲೂ ಬಾಯಿಗೆ ಬರಲಿಲ್ಲ.

ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಬಂದಳು. "ಏನಾತು?"

"ತಪ್ಪಾತ್ರಿ ಅವ್ವಾರ" ಅಂದ ಮೇಸ್ತ್ರಿ. "ಬಾಯಿಗೆ ರೂಢಿ ಬಿದ್ದೈತ್ರಿ. ಸಾವ್ಕಾರ್ರು ಸಂಜೀಗೆ ಬರ್ತಾರ ಅಂದುಬಿಟ್ಟೆ."

ಅವ್ವ ಅವನನ್ನು ಬೈಯಲಿಲ್ಲ. ತೆಲುಗು, ಹಿಂದಿ ಎರಡನ್ನೂ ಕಲಸಿ ಅಧಿಕಾರಿಗೆ ಹೇಳಿದಳು: "ಸಾರ್, ಅವತ್ತು ಮಧ್ಯಾಹ್ನ ನಾನೂ ಫೋನ್ ಮಾಡಿದ್ದೆ. ಬರುವಾಗ ಮೊಸರು ತರಲಿ ಅಂತ. ಇವನು ನನಗೂ ಇದನ್ನೇ ಹೇಳಿದ. ಮಲಗಿದ್ದಾರೆ, ನಿದ್ದೆ ಕೆಡಿಸಬಾರದು ಅಂದುಕೊಂಡಿದ್ದ. ಅವರು ಆ ಕುರ್ಚಿಯಲ್ಲೇ ಇದ್ದರು. ಆಗಲೇ ಮುಗಿದಿತ್ತು." ಕುರ್ಚಿಯ ಬೆನ್ನಿಗೆ ಕೈಯಿಟ್ಟಳು. "ಸಂಜೆ ತನಕ ನಾನೂ ಕಾದೆ, ಸಾರ್. ಬರಲಿಲ್ಲ."

ಮೇಸ್ತ್ರಿ ನೆಲದ ಮೇಲೆ ಕೂತು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಅಧಿಕಾರಿ ಸ್ಟೂಲಿನಿಂದ ಎದ್ದರು.

"ಅಮ್ಮಾ, ಬೋರ್ಡಿನ ಪಕ್ಕ ನಿಂತುಕೊಳ್ಳಿ. ಫೋಟೋ ತೆಗೀಬೇಕು."

ಹೋಗುವಾಗ ಮೇಸ್ತ್ರಿಗೆ ಹೇಳಿದರು, ಇನ್ನು ಮೇಲೆ ಯಾರಿಗೂ ಹಾಗೆ ಹೇಳಬೇಡ. "ಇಲ್ರಿ ಸಾಬ್, ದೇವರಾಣಿ" ಅಂತ ಗಂಟಲು ಮುಟ್ಟಿ ಹೇಳಿದ.

ಗಡುವಿಗೆ ನಾಲ್ಕು ದಿನ ಇರುವಾಗ ನಂಬರು ಬಂತು. ಪಂಪ್ ಕಂಪನಿ ಉಳಿಯಿತು, ಯಾರೂ ಬಸ್ಸು ಹತ್ತಲಿಲ್ಲ. ಅವ್ವ ಈಗ ದಿನಾ ಶೆಡ್ಡಿಗೆ ಹೋಗುತ್ತಾಳೆ. ಅದೇ ಕುರ್ಚಿಯಲ್ಲಿ ಕೂಡುತ್ತಾಳೆ.

ಹೋದ ವಾರ ಮಧ್ಯಾಹ್ನ, ಊಟ ಆಯಿತೋ ಇಲ್ಲವೋ ಕೇಳೋಣ ಅಂತ ಅವ್ವನ ಫೋನಿಗೆ ಮಾಡಿದೆ. ಎತ್ತಲಿಲ್ಲ. ನಾನು ಕೆಲಸ ಮಾಡುವ ಲ್ಯಾಬಿನ ಫೋನಿನಿಂದ ಶೆಡ್ಡಿಗೆ ಮಾಡಿದೆ. ಮೇಸ್ತ್ರಿ ಎತ್ತಿದ. ಹಲೋ, ಅವ್ವ ಇದ್ದಾರಾ ಅಂದೆ.

"ಅವ್ವಾರು ಈಗಷ್ಟೇ ಹೊರಗ ಹೋಗ್ಯಾರ್ರಿ. ಸಂಜೀಗೆ ಬರ್ತಾರ."

ಅವತ್ತು ಅವ್ವನಿಗೂ ಇವನು ಇದನ್ನೇ ಹೇಳಿದ್ದ. ಕುರ್ಚಿ ನೋಡು ಅನ್ನಬೇಕು, ಅವ್ವನನ್ನು ಅಲುಗಾಡಿಸು ಅನ್ನಬೇಕು. ಎಂದಿನಂತೆ ಬಾಯಿಂದ ಏನೂ ಹೊರಡಲಿಲ್ಲ.

ಆಚೆಯಿಂದ, ಪ್ರೆಸ್ಸಿನ ಸದ್ದಿನ ನಡುವೆ, ಅವ್ವನ ದನಿ ಕೇಳಿತು. "ಯಾರೋ ಅದು?"

"ಯಾರೋ ಹೆಣ್ಣುಮಗಳ್ರಿ ಅವ್ವಾರ. ತಾನೇ ಫೋನ್ ಮಾಡ್ಯಾಳ, ಮಾತೇ ಆಡವಲ್ಲಳು."

"ಮಾತ ಆಡವಲ್ಲಳಾ? ಹಂಗಾರ ನನ್ನ ಮಗಳೇ ಅದು. ಇಲ್ಲಿ ಕೊಡು."