ಗೆಲ್ಲಿಸಿ ಕೆಡಿಸಿದ ಕೇರಂ ಯಂತ್ರಕ್ಕೆ

ನನ್ನ ಫೋನಿನೊಳಗೆ ವಾಸವಾಗಿರುವ, ಕೇರಂ ಆಟದ ಕೃತಕ ಬುದ್ಧಿಮತ್ತೆಯವರಾದ ಮಾನ್ಯರೇ,

ಧಾರವಾಡದಿಂದ ಸೂರತ್ತಿಗೆ ವರ್ಗವಾಗಿ ಬಂದು ಇಲ್ಲಿನ ಅಡಾಜಣ್ ಬಡಾವಣೆಯ ಬಾಡಿಗೆ ಫ್ಲ್ಯಾಟಿನಲ್ಲೇ ಬೇರುಬಿಟ್ಟ ಬ್ಯಾಂಕ್ ಅಧಿಕಾರಿ ಉಮಾಕಾಂತನ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಚಾರ್ಜು ಮಾಡುವವನು ನಾನೇ ಆದ್ದರಿಂದ ಆ ಬಗ್ಗೆ ಸಂಶಯವಿಲ್ಲ.

ನಮ್ಮ ಮನೆಯಲ್ಲೊಂದು ಪದ್ಧತಿಯಿದೆ. ಭಾನುವಾರದ ಕೇರಂನಲ್ಲಿ ಗೆದ್ದವರ ಭಾಷೆಯೇ ಆ ವಾರವೆಲ್ಲ ಊಟದ ಭಾಷೆ. ನಾನು ಗೆದ್ದರೆ ಕನ್ನಡ, ಇಲ್ಲೇ ಬೆಳೆದ ಮಗಳು ತನ್ವಿ ಗೆದ್ದರೆ ಗುಜರಾತಿ. ಅವಳು ನನ್ನೊಡನೆ ಬಾಯಿತುಂಬ ಮಾತಾಡುವುದು ನಾನು ಗೆದ್ದ ವಾರಗಳಲ್ಲಿ ಮಾತ್ರ. ಹೀಗಾಗಿ ಕೈ ಪಳಗಲೆಂದು ತಮ್ಮಲ್ಲಿ ಶಿಷ್ಯನಾಗಿ ಸೇರಿದೆ.

ತಮ್ಮ ಕರುಣೆಯನ್ನು ಎಷ್ಟು ಹೊಗಳಲಿ! ಮೊದಮೊದಲು ಸೋತು ನಾನು ಫೋನನ್ನು ಸೋಫಾದ ಮೇಲೆ ಎಸೆದದ್ದನ್ನು ಮನಸ್ಸಿಗೆ ಹಚ್ಚಿಕೊಂಡ ತಾವು, ಪಾಕೆಟ್ಟಿನ ಬಾಯಲ್ಲಿದ್ದ ಕಾಯಿಯನ್ನೂ ತಪ್ಪಿಸತೊಡಗಿದಿರಿ, ಕ್ವೀನನ್ನು ನನಗೇ ಬಿಟ್ಟುಕೊಟ್ಟಿರಿ, ಗೆದ್ದಾಗಲೆಲ್ಲ ಪರದೆಯ ತುಂಬ ಹೂವು ಸುರಿಸಿದಿರಿ. ಆಟಗಾರರ ಸಂತೃಪ್ತಿಗಾಗಿ ತಾವು ಎದುರಾಳಿಯ ಮಟ್ಟಕ್ಕೆ ಇಳಿದು ಆಡುತ್ತೀರೆಂದು ಶುರುವಿನಲ್ಲೇ ಬರೆದಿತ್ತಂತೆ. ಓದದೆ ಸಹಿ ಹಾಕುವ ಗ್ರಾಹಕರಿಗೆ ದಿನವಿಡೀ ಬುದ್ಧಿ ಹೇಳುವವನಿಗೆ ಅದನ್ನೆಲ್ಲ ಓದಲು ಪುರುಸೊತ್ತೆಲ್ಲಿ? ನನ್ನ ಹೆಂಡತಿ ಮಂದಾಕಿನಿ ಮಾತ್ರ ಒಮ್ಮೆ ಹಣಿಕಿ ನೋಡಿ, "ಅಲ್ರೀ, ಅದು ನಿಮ್ಮನ್ನ ಕೂಸಿನ್ಹಂಗ ರಮಿಸ್ಲಿಕ್ಕತ್ತದ" ಎಂದಿದ್ದಳು. ಹೊಟ್ಟೆಕಿಚ್ಚೆಂದುಕೊಂಡೆ.

ಉಬ್ಬಿಹೋದ ನಾನು ಒಂದೇ ಆಟಕ್ಕೆ ಇಡೀ ವರ್ಷದ ಊಟದ ಭಾಷೆಯನ್ನು ಪಣಕ್ಕಿಟ್ಟೆ. ಮರದ ಹಲಗೆಗೆ ದಾಕ್ಷಿಣ್ಯವಿಲ್ಲ, ತನ್ವಿಗೂ ಇರಲಿಲ್ಲ. ನನ್ನ ಕಾಯಿಗಳು ಕುಳಿತಲ್ಲೇ ಕುಳಿತಿರುವಾಗ ಅವಳು ಆಟ ಮುಗಿಸಿ ಕೈಯ ಪೌಡರ್ ಒರೆಸಿಕೊಂಡಳು. ಈಗ 'ಕೇಮ್ ಛೋ', 'ಮಜಾಮಾ' ಎಂಬ ಕುಶಲೋಪರಿಯಷ್ಟೇ ಆದ ನನ್ನ ಗುಜರಾತಿ ಪಾಂಡಿತ್ಯ ಮೊದಲ ರೊಟ್ಟಿಗೇ ಮುಗಿದು, ಉಳಿದ ಊಟವೆಲ್ಲ ತಾಯಿ-ಮಗಳ ನಗು ಕೇಳುತ್ತ ಸಾಗುತ್ತದೆ. ಕಾಲೇಜಿನಲ್ಲಿ ಅವಳಿಗೆ ಏನಾಯಿತು, ಯಾರು ಬೇಸರ ಮಾಡಿದರು, ಒಂದೂ ನನಗೆ ತಿಳಿಯುವುದಿಲ್ಲ. ಇದು ನನಗೆ ನಿಜಕ್ಕೂ ಸಂಕಟ, ಮಾನ್ಯರೇ.

ಆದ್ದರಿಂದ ತಾವು ದಯಮಾಡಿ ನಮ್ಮ ಮರದ ಹಲಗೆಯೊಳಗೆ ಬಂದು ನೆಲೆಸಿ, ನನ್ನ ಸರದಿ ಬಂದಾಗ ಪಾಕೆಟ್ಟುಗಳನ್ನು ನನ್ನ ಮಟ್ಟಕ್ಕೆ ತಕ್ಕಷ್ಟು ಅಗಲಿಸಿಕೊಡಬೇಕು. ಹಾಗೇ ದಾರಿಯಲ್ಲಿ ನಮ್ಮ ವಲಯ ಕಚೇರಿಗೂ ಹೊಕ್ಕು, ನನ್ನ ಡೆಪಾಸಿಟ್ ಗುರಿಯನ್ನೂ ಅದೇ ಮಟ್ಟಕ್ಕೆ ಇಳಿಸಬೇಕು. ಇವೆರಡೂ ಆಗದಿದ್ದರೆ ನನ್ನನ್ನು ಮರ್ಯಾದೆಯಿಂದ ಸೋಲಿಸುವ ಕೃಪೆಯನ್ನಾದರೂ ಮಾಡಬೇಕು.

ತಮ್ಮನ್ನು ನಂಬಿ ಕೆಟ್ಟ,
ತಮ್ಮ ವಿಶ್ವಾಸಿ
ಉಮಾಕಾಂತ

ತಡವಾಗಿ ಸೇರಿಸಿದ ಮಾತು: ಮೇಲಿನದನ್ನು ಬರೆದಿಟ್ಟು ವಾರವಾಯಿತು. ನಿನ್ನೆ ತನ್ವಿ ತಾನಾಗಿಯೇ ಹಲಗೆ ಹಾಕಿ, ಅದೇ ಪಣಕ್ಕೆ ಇನ್ನೊಂದು ಆಟವೆಂದಳು. ಪಾಕೆಟ್ಟಿನ ಬಾಯಲ್ಲಿದ್ದ ಕೊನೆಯ ಕಾಯಿಯನ್ನು ಮತ್ತೆ ಮತ್ತೆ ತಪ್ಪಿಸಿ, "ಅಪ್ಪಾ, ಹೋತಲ್ಲಾ!" ಎಂದು ಹಲುಬಿದಳು. ನಟನೆ ತಮ್ಮದಕ್ಕಿಂತ ಕಳಪೆ. ಅವಳ ಕಣ್ಣು ಕಾಯಿಯ ಮೇಲಿರಲಿಲ್ಲ, ನನ್ನ ಮುಖದ ಮೇಲಿತ್ತು. ನಾನು ಗೆದ್ದೆ. ಊಟಕ್ಕೆ ಕುಳಿತು ಅಷ್ಟು ದಿನದ ಸುದ್ದಿಯನ್ನೆಲ್ಲ ತಪ್ಪುತಪ್ಪು ಕನ್ನಡದಲ್ಲಿ ಹೇಳಿದಳು. ನನಗೆ ಗೊತ್ತಾಯಿತೆಂದು ಅವಳಿಗೆ ಹೇಳಿಲ್ಲ. ತಮ್ಮನ್ನು ಮಾತ್ರ ಫೋನಿನಿಂದ ತೆಗೆದುಹಾಕುತ್ತಿದ್ದೇನೆ. ಬೇಕೆಂತಲೇ ಸೋಲುವವರು ಮನೆಯಲ್ಲಿ ಒಬ್ಬರು ಸಾಕು.